ತೋಟದ ಸೆನ್ಸರ್‌ಗಳ ಬ್ಯಾಟರಿ ವಾರವೂ ಬಾಳುತ್ತಿಲ್ಲ: ಅನುಭವವುಳ್ಳವರು ತಿಳಿಸಿ

ಪ್ರಶ್ನೆ, ಮೂಡಿಗೆರೆಯಿಂದ:
ಕಾಫಿ ತೋಟದಲ್ಲಿ ಮಣ್ಣಿನ ತೇವ ಅಳೆಯಲು 24 ನೋಡ್‌ಗಳನ್ನು (ಸೆನ್ಸರ್, ರೇಡಿಯೊ ಇರುವ ಪುಟ್ಟ ಸಾಧನಗಳು) ಇಟ್ಟಿದ್ದೇವೆ. ಒಂದರಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸುತ್ತಾ ಮನೆಯ ಗೇಟ್‌ವೇಗೆ (ಎಲ್ಲ ಮಾಹಿತಿ ಬಂದು ಸೇರುವ ಸಾಧನ) ತಲುಪಿಸುವ ಅಡ್‌ಹಾಕ್ ಜಾಲ ಇದು. ರೇಡಿಯೊ ಚಿಪ್ ಸಿಸಿ2420, ಪ್ರತಿ ನೋಡ್‌ಗೆ 2,500 ಮಿಲಿಆಂಪಿಯರ್-ಅವರ್‌ನ ಎರಡು ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ್ದೇವೆ. ಐದಾರು ದಿನಕ್ಕೇ ಬರಿದಾಗುತ್ತಿವೆ. ಪ್ರಸಾರ ಶಕ್ತಿ ತಗ್ಗಿಸಿದರೆ ಸಾಕೇ?

ಉತ್ತರ, ಹಾಸನದಿಂದ:
ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಪಾಠ ಮಾಡುತ್ತೇನೆ. ಐದಾರು ದಿನ ಎಂದಿರಲ್ಲ, ಕಾರಣ ಅಲ್ಲೇ ಇದೆ. ಆ ಚಿಪ್ ಪೂರ್ಣ ಶಕ್ತಿಯಲ್ಲಿ ಕಳುಹಿಸುವಾಗ 17.4 ಮಿಲಿಆಂಪಿಯರ್ ಎಳೆದರೆ, ಏನೂ ಬಾರದಿದ್ದರೂ ಕಿವಿಗೊಟ್ಟು ಕಾಯುವಾಗ 18.8 ಎಳೆಯುತ್ತದೆ. 2,500ನ್ನು 18.8ರಿಂದ ಭಾಗಿಸಿ ನೋಡಿ: ಸುಮಾರು 133 ಗಂಟೆ, ಅಂದರೆ ಐದೂವರೆ ದಿನ. ನಿಮ್ಮ ರೇಡಿಯೊ ನಿದ್ರಿಸುತ್ತಲೇ ಇಲ್ಲ.

ಪ್ರಸಾರ ಶಕ್ತಿ ತಗ್ಗಿಸುವುದು ತಪ್ಪಲ್ಲ. ದಟ್ಟ ಗಿಡಮರಗಳ ನಡುವೆ ಬೇಕಾಗುವ ಶಕ್ತಿ ದೂರದ ನಾಲ್ಕನೇ ಘಾತದಂತೆ (ದೂರ ಇಮ್ಮಡಿಯಾದರೆ ಹದಿನಾರು ಪಟ್ಟು) ಏರುತ್ತದೆ ಎಂದಿಟ್ಟುಕೊಂಡರೆ, 80 ಮೀಟರ್‌ ಅನ್ನು ಒಂದೇ ನೆಗೆತದಲ್ಲಿ ದಾಟುವುದಕ್ಕಿಂತ 40 ಮೀಟರ್‌ನ ಎರಡು ನೆಗೆತಗಳಿಗೆ ಎಂಟನೇ ಒಂದು ಪಾಲು ಸಾಕು. ಗೇಬ್ರಿಯಲ್ ಗ್ರಾಫ್ ಎಂಬ ವಿಧಾನದ ತರ್ಕವೂ ಇದೇ: ಎರಡು ನೋಡ್‌ಗಳ ನಡುವಿನ ಗೆರೆಯನ್ನು ವ್ಯಾಸವಾಗಿಟ್ಟು ಎಳೆದ ವೃತ್ತದೊಳಗೆ ಮೂರನೆಯ ನೋಡ್ ಇದ್ದರೆ ಆ ನೇರ ಕೊಂಡಿಯನ್ನು ಕೈಬಿಡಬೇಕು. ಆದರೆ ಇದು ಆಂಟೆನಾದಿಂದ ಹೊರಡುವ ಶಕ್ತಿಯ ಲೆಕ್ಕ, ಬ್ಯಾಟರಿಯದ್ದಲ್ಲ. ಇದೇ ಚಿಪ್ಪನ್ನು ತೀರಾ ಕನಿಷ್ಠ ಶಕ್ತಿಗೆ ಇಳಿಸಿದರೂ 8.5 ಮಿಲಿಆಂಪಿಯರ್ ಬೇಕೇ ಬೇಕು. ನಡುವಿನ ನೋಡ್ ಕೇಳಿಸಿಕೊಳ್ಳುವ ಖರ್ಚು ಬೇರೆ. ಮೊದಲು ನೂರರಲ್ಲಿ ಒಂದು ಪಾಲು ಸಮಯ ಮಾತ್ರ ಎಚ್ಚರವಿರುವಂತೆ, ಎಲ್ಲವೂ ಒಟ್ಟಿಗೆ ಏಳುವಂತೆ ಮಾಡಿ. ಕೊಂಡಿ ಕತ್ತರಿಸುವ ಕೆಲಸ ಆಮೇಲೆ.

ಉತ್ತರ, ಸಕಲೇಶಪುರದಿಂದ:
ಮೇಷ್ಟ್ರ ಮಾತು ಸರಿ. ನಾನೊಬ್ಬ ಬೆಳೆಗಾರ, ಕೊಂಡಿ ಕತ್ತರಿಸಿ ಪೆಟ್ಟು ತಿಂದವನು. ಮಾರ್ಚ್‌ನಲ್ಲಿ, ಹೂಮಳೆಗೆ ಮುಂಚೆ, ಪ್ರತಿ ನೋಡ್‌ಗೂ ಒಂದೋ ಎರಡೋ ನೆರೆಯ ನೋಡ್‌ಗಳ ಕೊಂಡಿಯನ್ನಷ್ಟೇ ಉಳಿಸಿ ಶಕ್ತಿಯನ್ನು ಅಂಚಿಗೆ ತಂದಿದ್ದೆ. ಜೂನ್‌ನಲ್ಲಿ ಮಳೆ ಹಿಡಿದು ಎಲೆಯೆಲ್ಲ ನೆನೆದ ಮೇಲೆ ಅರ್ಧ ತೋಟ ಮೌನವಾಯಿತು. ಒಂದು ಸಿಲ್ವರ್ ಮರದಲ್ಲಂತೂ ಮೆಣಸಿನ ಬಳ್ಳಿ ಆಂಟೆನಾವನ್ನೇ ಮುಚ್ಚಿಬಿಟ್ಟಿತ್ತು. 2.4 ಗಿಗಾಹರ್ಟ್ಸ್ ಅಲೆಗೆ ಒದ್ದೆ ಎಲೆ ಗೋಡೆಯಿದ್ದಂತೆ. ಈಗ ಕನಿಷ್ಠ ಮೂರು ನೆರೆಯ ನೋಡ್‌ಗಳ ಕೊಂಡಿಯನ್ನು ಉಳಿಸಿಕೊಂಡಿದ್ದೇನೆ. ಶಕ್ತಿಯ ಮಟ್ಟವನ್ನು ಮಳೆಗಾಲದಲ್ಲೇ ಅಳೆದು ನಿಗದಿ ಮಾಡಿದ್ದೇನೆ.

ಇನ್ನೊಂದು ವಿಷಯ. ಗೇಟ್‌ವೇ ಪಕ್ಕದ ನೋಡ್‌ಗಳ ಮೇಲೆ ಇಡೀ ತೋಟದ ಹೊರೆ ಬೀಳುವುದರಿಂದ ಅವೇ ಮೊದಲು ಸಾಯುತ್ತವೆ. ನೆರಳಿನಡಿ ಸೋಲಾರ್ ಹಾಕಿ ಪ್ರಯೋಜನವಿಲ್ಲವಾದ್ದರಿಂದ, ಅಂಥ ಎರಡನ್ನು ಕಾಫಿ ಒಣಗಿಸುವ ಕಣದ ಬಿಸಿಲಿಗೆ ಸರಿಸಿ ಪುಟ್ಟ ಫಲಕ ಜೋಡಿಸಿದೆ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು ಸರ್. ಪ್ರೋಗ್ರಾಂ ತೆರೆದು ನೋಡಿದೆ. ನಿದ್ರೆಗೆ ಕಳುಹಿಸುವ ಸಾಲನ್ನು ಪರೀಕ್ಷೆಯ ವೇಳೆ ತೆಗೆದವರು ಮರಳಿ ಹಾಕಿಯೇ ಇರಲಿಲ್ಲ. ಅದನ್ನು ಸರಿಪಡಿಸಿದ್ದೇವೆ. ಪ್ರಸಾರ ಶಕ್ತಿಯನ್ನು ಜುಲೈವರೆಗೆ ಮುಟ್ಟುವುದಿಲ್ಲ.