ಬೆಂಗಳೂರಿಂದ ಎಂ7 ನೋಡಿದೋರು ಯಾರಾದ್ರೂ ಇದೀರಾ?

ಹೊಸದಾಗಿ 10×50 ಬೈನಾಕ್ಯುಲರ್ ತಗೊಂಡಿದೀನಿ. ಕೃತ್ತಿಕೆ ನೋಡಾಯ್ತು, ಈಗ ವೃಶ್ಚಿಕದ ಕೊಂಡಿ ಹತ್ರ ಇರೋ ಎಂ7 ನಕ್ಷತ್ರಗುಚ್ಛ ನೋಡ್ಬೇಕು. ಬುಕ್ಕಲ್ಲಿ ಜುಲೈ-ಆಗಸ್ಟ್ ಬೆಸ್ಟ್ ಅಂತಿದೆ, ಆಗ ನಮ್ಮಲ್ಲಿ ಬರೀ ಮೋಡ. ಯಾವಾಗ, ಎಲ್ಲಿಂದ ನೋಡ್ಲಿ?

— ಜುಲೈ ಬಿಟ್ಹಾಕಿ ಸಾರ್, ಅದು ಸಂಜೆ ನೋಡೋರ ಲೆಕ್ಕ. ಬೆಳಗಿನ ಜಾವ ಏಳೋಕೆ ರೆಡಿ ಇದ್ರೆ ಮಾರ್ಚಲ್ಲೇ ಸಿಗತ್ತೆ, ಅಮಾವಾಸ್ಯೆ ಆಸುಪಾಸು, ಐದು ಗಂಟೆ ಹೊತ್ತಿಗೆ. ದಕ್ಷಿಣಕ್ಕೆ ಮುಖ ಮಾಡಿ ಮೊದ್ಲು ಕೆಂಪಗಿರೋ ಜ್ಯೇಷ್ಠಾ ಹಿಡೀರಿ, ಅಲ್ಲಿಂದ ಚೇಳಿನ ಬಾಲ ಕೆಳಗಿಳಿದು ಎಡಕ್ಕೆ ಕೊಂಕತ್ತಲ್ಲ, ಅದರ ತುದೀಲಿ ಪಕ್ಕಪಕ್ಕ ಎರಡು ನಕ್ಷತ್ರ, ಅದೇ ಮೂಲಾ, ಅಲ್ಲಿಂದ ಬೈನಾಕ್ಯುಲರನ್ನ ಎಡಕ್ಕೆ ಒಂಚೂರು ಮೇಲಕ್ಕೆ ಜರುಗಿಸಿದ್ರೆ ಐದು ಡಿಗ್ರಿ ಒಳಗೇ ಬಂದ್ಬಿಡತ್ತೆ.

— ಬೆಳಗಿನ ಜಾವ ಏಳೋದು ನನ್ ಕೈಲಾಗಲ್ಲಪ್ಪ. ಅಕ್ಟೋಬರಲ್ಲಿ ಮಳೆ ಬಿಟ್ಟ ದಿನ, ಕತ್ತಲಾಗ್ತಿದ್ದಂಗೆ ನೈಋತ್ಯಕ್ಕೆ ನೋಡಿ, ಮಳೆ ತೊಳೆದ ಆಕಾಶ ಮಾರ್ಚಿನ ಧೂಳಿಗಿಂತ ಎಷ್ಟೋ ವಾಸಿ. ಡಿಸೆಂಬರಲ್ಲಿ ಹುಡುಕ್ಬೇಡಿ, ಸೂರ್ಯನೇ ಆ ಕಡೆ ಇರ್ತಾನೆ.

— ಎಂ7 ಒಂದನ್ನೇ ನೋಡಿ ವಾಪಸ್ ಬರ್ಬೇಡ್ರಿ. ಅದರ ಮೇಲೆ ಬಲಗಡೆಗೆ ಎಂ6 ಅನ್ನೋ ಇನ್ನೊಂದು ಗುಚ್ಛ ಐತಿ, ಎರಡೂ ಒಂದೇ ನೋಟಕ್ಕ ಸಿಗ್ತಾವ. ಎಂ7 ಅಗಲ, ಹುಣ್ಣಿಮೆ ಚಂದ್ರನ ಎರಡರಷ್ಟಕ್ಕಿಂತ ಹೆಚ್ಚು, ನಕ್ಷತ್ರ ಬಿಡಿಬಿಡಿಯಾಗಿ ಕಾಣ್ತಾವ. ಎಂ6 ಸಣ್ಣದು, ನೀಲಿ ನಕ್ಷತ್ರಗಳ ನಡುವ ಒಂದೇ ಒಂದು ಕಿತ್ತಳೆ ಬಣ್ಣದ್ದು, ಅದರ ಬೆಳಕು ಏರಿಳಿತೈತಿ, ಹಂಗಾಗಿ ಒಮ್ಮೆ ಎದ್ದು ಕಾಣತೈತಿ, ಒಮ್ಮೆ ಇಲ್ಲ. ಪಕ್ಕದಾಗ ಕಂಡ್ರೂ ಎಂ7 ಸುಮಾರು 980 ಜ್ಯೋತಿರ್ವರ್ಷ ದೂರ, ಎಂ6 ಸುಮಾರು 1600.

— ಒಂದು ಮಾತು, ಈ ವಿಷಯದಲ್ಲಿ ನಾವೇ ಪುಣ್ಯವಂತರು. ಫ್ರೆಂಚ್ ಖಗೋಳವಿಜ್ಞಾನಿ ಮೆಸಿಯೆ (ಎಂ ಅಂದ್ರೆ ಅವನ ಹೆಸರೇ) 1764ರಲ್ಲಿ ಎಂ7ನ್ನ ತನ್ನ ಪಟ್ಟಿಗೆ ಸೇರಿಸಿದ್ದು ಪ್ಯಾರಿಸ್‌ನಿಂದ, ಅಲ್ಲಿ ದಿಗಂತದಿಂದ ಆರು ಡಿಗ್ರಿ ಮೇಲೆ ಬಂದ್ರೆ ಹೆಚ್ಚು. ಬೆಂಗಳೂರಲ್ಲಿ 42 ಡಿಗ್ರಿವರೆಗೂ ಏರತ್ತೆ.

— ಜಾಗದ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ಎಲ್ರೂ ನಂದಿ ಅಂತಾರೆ, ಆದ್ರೆ ಅದು ಊರಿನ ಉತ್ತರಕ್ಕಿದೆ, ಅಲ್ಲಿಂದ ದಕ್ಷಿಣಕ್ಕೆ ತಿರುಗಿದ್ರೆ ಸಿಟಿ ಬೆಳಕು ಸೀದಾ ವೃಶ್ಚಿಕದ ಕೆಳಗೇ ಬರತ್ತೆ. ಇದಕ್ಕೆ ಕನಕಪುರ ರಸ್ತೆ ಕಡೆ ಊರು ದಾಟಿ ಹೋಗಿ, ಬೆಳಕೆಲ್ಲ ಬೆನ್ನ ಹಿಂದೆ ಬೀಳತ್ತೆ. ಟ್ರೈಪಾಡ್ ಇಲ್ದಿದ್ರೆ ಕಾರಿನ ಮೇಲೆ ಮೊಣಕೈ ಊರಿ ನೋಡಿ, ಕೈ ನಡುಗಿದ್ರೆ ಸಣ್ಣ ನಕ್ಷತ್ರ ಒಂದೂ ಕಾಣಲ್ಲ.