ಬಾರ್ ಉದುರಿತು, ಚಾಕೊಲೇಟ್ ಎದ್ದು ಬಂತು: ಕರದಂಟಿನ ಮನೆಯವರಿಗೆ ಕೆಲವು ಪ್ರಶ್ನೆಗಳು

(ಈ ವಾರ ಗುಂಪಿನಲ್ಲಿ ಉತ್ತರಿಸುತ್ತಿರುವವರು ಬಾಗಲಕೋಟೆ ಜಿಲ್ಲೆಯವರು. ಕರದಂಟು ಮಾಡುವ ಮನೆಯಲ್ಲಿ ಬೆಳೆದು, ಬೆಂಗಳೂರಿನ ಬೇಕರಿಯೊಂದರ ಚಾಕೊಲೇಟ್ ವಿಭಾಗದಲ್ಲಿ 14 ವರ್ಷ ದುಡಿದವರು.)

ಪ್ರಶ್ನೆ, ಮೈಸೂರಿನಿಂದ: ನಮಸ್ಕಾರ. ಮಗ ಶಾಲೆ ಮುಗಿಸಿ ನೇರವಾಗಿ ಈಜು ಕಲಿಯಲು ಹೋಗುತ್ತಾನೆ. ನಡುವೆ ತಿನ್ನಲು ಅಂಗಡಿಯ ಎನರ್ಜಿ ಬಾರ್ ಕೊಡುತ್ತಿದ್ದೆ, ಬೆಲೆ ನೋಡಿ ನಾನೇ ಮಾಡಲು ಹೊರಟೆ. ಹುರಿದ ಕಡಲೆಕಾಯಿ ಬೀಜವನ್ನು ಮಿಕ್ಸಿಯಲ್ಲಿ ಅರೆದು ಪೀನಟ್ ಬಟರ್ ಮಾಡಿಕೊಂಡೆ. ಗಟ್ಟಿ ಎನಿಸಿತು, ಎರಡು ಚಮಚ ಹಾಲು ಹಾಕಿದೆ. ಸಡಿಲವಾಗುವ ಬದಲು ಇನ್ನೂ ಗಟ್ಟಿಯಾಗಿ ಮುದ್ದೆ ಕಟ್ಟಿತು! ಅದಕ್ಕೇ ಓಟ್ಸ್, ಖರ್ಜೂರ, ಮೂರು ಚಮಚ ಜೇನುತುಪ್ಪ ಕಲಸಿ, ತಟ್ಟೆಗೆ ಒತ್ತಿ ಫ್ರಿಜ್‌ನಲ್ಲಿಟ್ಟೆ. ತಣ್ಣಗಾದ ಮೇಲೆ ಕರಗಿಸಿದ ಚಾಕೊಲೇಟ್ ಸುರಿದೆ. ಮರುದಿನ ಕತ್ತರಿಸಿದಾಗ ಚಾಕೊಲೇಟ್ ಹಪ್ಪಳದಂತೆ ಎದ್ದು ಬಂತು, ಕೆಳಗಿನದು ಪುಡಿಪುಡಿಯಾಗಿ ಉದುರಿತು. ಎಲ್ಲಿ ತಪ್ಪಿದೆ?

ಉತ್ತರ: ಅಕ್ಕನವರೇ, ಹಾಲಿನಿಂದ ಶುರು ಮಾಡೋಣ. ಅರೆದ ಶೇಂಗಾ ಎಂದರೆ ಎಣ್ಣೆಯಲ್ಲಿ ತೇಲುತ್ತಿರುವ ಒಣ ಪುಡಿ. ಅದರಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಎರಡು ಚಮಚ ಹಾಲು ಬಿದ್ದೊಡನೆ ಆ ಪುಡಿ ನೀರನ್ನು ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಎಣ್ಣೆ ಹೊರಗೆ ಉಳಿಯುತ್ತದೆ. ಸಡಿಲ ಮಾಡಬೇಕಿದ್ದರೆ ಒಂದು ಚಮಚ ಕಡಲೆಕಾಯಿ ಎಣ್ಣೆ ಹಾಕಿ, ಇಲ್ಲವೇ ಇನ್ನೂ ಸ್ವಲ್ಪ ಹೊತ್ತು ಅರೆಯಿರಿ. ಬೀಜ ಬೆಚ್ಚಗಿರುವಾಗಲೇ ಅರೆದರೆ ಎಣ್ಣೆ ಬೇಗ ಬಿಡುತ್ತದೆ. ಮೊದಲು ಪುಡಿ, ಆಮೇಲೆ ಮುದ್ದೆ, ಆಮೇಲೆಯೇ ಬೆಣ್ಣೆ. ಮುದ್ದೆಯ ಹಂತದಲ್ಲಿ ಎಲ್ಲರೂ ಗಾಬರಿಯಾಗಿ ಏನಾದರೂ ಸುರಿಯುತ್ತಾರೆ. ಸುರಿಯಬೇಡಿ. ಅರ್ಧ ನಿಮಿಷ ಓಡಿಸಿ, ನಿಲ್ಲಿಸಿ, ಜಾರಿನ ಬದಿ ಕೆರೆದು, ಮತ್ತೆ ಓಡಿಸಿ. ಮಿಕ್ಸಿಯ ಮೋಟಾರೂ ಉಳಿಯುತ್ತದೆ.

ಇನ್ನು ಉದುರಿದ್ದು. ಕಾಯಿಸದ ಜೇನು ಬಾರನ್ನು ಹಿಡಿದಿಡುವುದಿಲ್ಲ. ಅದರಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ ನೀರೇ ಇರುತ್ತದೆ, ಹಸಿ ಓಟ್ಸ್ ಆ ನೀರನ್ನೂ ಕುಡಿದುಬಿಡುತ್ತದೆ. ನಮ್ಮ ಕಡೆ ಕರದಂಟು ಮಾಡುವವರಿಗೆ ಇದು ಹೊಸ ಪಾಠವಲ್ಲ. ಅಂಟನ್ನು (ತಿನ್ನುವ ಗೋಂದು) ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಸೇರಿಸಿದರೂ ಅವನ್ನು ಹಿಡಿಯುವುದು ಬೆಲ್ಲದ ಪಾಕ. ಗೋಕಾಕದಲ್ಲೂ ಅಮೀನಗಡದಲ್ಲೂ ತಲೆಮಾರುಗಳಿಂದ ಮಾಡುತ್ತ ಬಂದಿರುವುದು ಎನರ್ಜಿ ಬಾರನ್ನೇ. ಬೆಳ್ಳಿ ಬಣ್ಣದ ಹೊದಿಕೆ ಇರಲಿಲ್ಲ, ಅಷ್ಟೆ.

ನನ್ನ ಅಳತೆ ಹೀಗಿದೆ. ಪೀನಟ್ ಬಟರ್ 200 ಗ್ರಾಂ, ಬೆಲ್ಲ 150, ಓಟ್ಸ್ 150, ಸಣ್ಣಗೆ ಹೆಚ್ಚಿದ ಖರ್ಜೂರ 100, ತರಿತರಿ ಕುಟ್ಟಿದ ಶೇಂಗಾ 50, ಡಾರ್ಕ್ ಚಾಕೊಲೇಟ್ 100. ಓಟ್ಸನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಿರಿ. ಇದನ್ನು ಬಿಟ್ಟರೆ ಬಾರ್ ಹಸಿ ಹಿಟ್ಟಿನ ರುಚಿ ಕೊಡುತ್ತದೆ. ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗಿಡಿ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಿನಿಂದ ಕೂಡಿಸಿ ನೋಡಿ. ಕರಗಿ ಹರಡಿದರೆ ಇನ್ನೂ ಬೇಕು. ಉಂಡೆಯಾಗಿ ನಿಂತು, ಒತ್ತಿದರೆ ಬಗ್ಗಿದರೆ ಅದೇ ನಮಗೆ ಬೇಕಾದ ಪಾಕ. ಥರ್ಮಾಮೀಟರ್ ಇದ್ದವರಿಗೆ 118ರಿಂದ 120 ಡಿಗ್ರಿ. ಹನಿ ಗಾಜಿನಂತೆ ಟಕ್ ಎಂದು ಮುರಿದರೆ ಅದು ಚಿಕ್ಕಿಯ ಪಾಕ, ಬಾರಿಗೆ ಅತಿಯಾಯಿತು.

ಒಲೆ ಆರಿಸಿ, ಪೀನಟ್ ಬಟರ್ ಹಾಕಿ ಬೇಗ ಕಲಕಿ. ಫ್ರಿಜ್‌ನಿಂದ ತೆಗೆದದ್ದನ್ನು ಹಾಗೆಯೇ ಹಾಕಿದರೆ ಪಾಕ ಅಲ್ಲೇ ಹೆಪ್ಪುಗಟ್ಟುತ್ತದೆ, ಮೊದಲೇ ಬೆಚ್ಚಗೆ ಮಾಡಿಕೊಳ್ಳಿ. ಉಳಿದ ಒಣ ಸಾಮಾನು ಸೇರಿಸಿ, ಬಟರ್ ಪೇಪರ್ ಹಾಸಿದ 20 ಸೆಂಟಿಮೀಟರ್ ಚೌಕದ ತಟ್ಟೆಗೆ ಸುರಿದು, ತಳ ಸಪಾಟಾದ ಬಟ್ಟಲಿನಿಂದ ಬಲವಾಗಿ ಒತ್ತಿ. ನಾಚಿಕೊಂಡು ಒತ್ತಿದರೆ ಉದುರುವುದು ಖಂಡಿತ.

ಚಾಕೊಲೇಟ್ ಎದ್ದು ಬಂದದ್ದು ನೀವು ಅದನ್ನು ಫ್ರಿಜ್‌ನ ತಣ್ಣನೆಯ, ಎಣ್ಣೆ ಜಿಡ್ಡಿನ ಮೇಲ್ಮೈಗೆ ಸುರಿದಿದ್ದರಿಂದ. ಕೆಳಗಿನದು ಉಗುರುಬೆಚ್ಚಗಿರುವಾಗ ಹಾಕಿ. ಚಾಕೊಲೇಟಿಗೆ ಒಂದು ಚಮಚ ಪೀನಟ್ ಬಟರ್ ಬೆರೆಸಿದರೆ ಕತ್ತರಿಸುವಾಗ ಸಿಡಿದು ಒಡೆಯುವುದಿಲ್ಲ. ಪೂರ್ತಿ ಗಟ್ಟಿಯಾಗುವ ಮೊದಲೇ ಚಾಕುವಿನಿಂದ ಗೆರೆ ಎಳೆದಿಡಿ. ಎರಡು ಸಾಲು, ಸಾಲಿಗೆ ಎಂಟು, ಒಟ್ಟು 16 ಬಾರ್.

ಪ್ರಶ್ನೆ, ಕಲಬುರಗಿಯಿಂದ: ಅಣ್ಣಾ, ಚಾಕೊಲೇಟನ್ನು ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸುತ್ತಿದ್ದೆ. ನೋಡನೋಡುತ್ತಲೇ ಮರಳಿನ ಹಾಗೆ ಗಂಟುಗಂಟಾಯಿತು. ಬಿಸಾಡಬೇಕೇ?

ಉತ್ತರ: ಬಟ್ಟಲಿಗೆ ಆವಿ ನುಗ್ಗಿದೆ, ಅಥವಾ ಚಮಚ ಒದ್ದೆಯಿತ್ತು. ಮೇಲೆ ಹೇಳಿದ ಹಾಲಿನ ಕಥೆಯೇ ಇದು. ಕೋಕೋ ಪುಡಿ, ಸಕ್ಕರೆ ಎರಡೂ ಕೋಕೋ ಬೆಣ್ಣೆಯಲ್ಲಿ ತೇಲುತ್ತಿರುತ್ತವೆ, ನಾಲ್ಕು ಹನಿ ನೀರು ಸಾಕು ಗಂಟು ಕಟ್ಟಲು. ಬಾರಿನ ಮೇಲೆ ಹಚ್ಚಲು ಅದು ಇನ್ನು ಬಾರದು. ಬಿಸಾಡಬೇಡಿ, ಬಿಸಿ ಹಾಲು ಸೇರಿಸುತ್ತ ಕಲಕಿದರೆ ನುಣುಪಾಗುತ್ತದೆ, ಮಕ್ಕಳಿಗೆ ಕುಡಿಯಲು ಕೊಡಿ. ಮುಂದಿನ ಸಲ ಕೆಳಗಿನ ನೀರು ಕುದಿಯಬಾರದು, ಬಟ್ಟಲಿನ ತಳಕ್ಕೆ ತಾಗಲೂ ಬಾರದು.

ನಿಮ್ಮ ಊರಿನವರಿಗೆ ಇನ್ನೊಂದು ಮಾತು. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ಬೇಸಿಗೆಯಲ್ಲಿ ನಿಮ್ಮಲ್ಲಿ 40 ದಾಟುತ್ತದೆ. ಮಾರ್ಚ್‌ನಿಂದ ಮಳೆ ಬರುವವರೆಗೆ ಮೇಲಿನ ಲೇಪನದ ಆಸೆ ಬಿಟ್ಟು, ಎರಡು ದೊಡ್ಡ ಚಮಚ ಕೋಕೋ ಪುಡಿಯನ್ನು ಪಾಕಕ್ಕೇ ಕಲಸಿಬಿಡಿ. ಕೈಗೂ ಅಂಟುವುದಿಲ್ಲ, ರುಚಿಯೂ ಇರುತ್ತದೆ.

ಪ್ರಶ್ನೆ, ಉಡುಪಿಯಿಂದ: ಸರ್, ನನ್ನ ಬಾರ್ ಚೆನ್ನಾಗಿಯೇ ಬಂತು. ನಾಲ್ಕನೇ ದಿನ ಚಾಕೊಲೇಟಿನ ಮೇಲೆ ಬಿಳಿ ಪದರ ಬಂದಿದೆ. ಬೂಷ್ಟೇ?

ಉತ್ತರ: ಬೆರಳಿನಿಂದ ಉಜ್ಜಿ ನೋಡಿ. ನುಣುಪಾಗಿದ್ದು ಬೆರಳ ಬಿಸಿಗೆ ಮಾಯವಾದರೆ ಕೋಕೋ ಬೆಣ್ಣೆ ಮೇಲೆದ್ದಿದೆ. ಒರಟಾಗಿದ್ದರೆ, ಫ್ರಿಜ್‌ನಿಂದ ತೆಗೆದಾಗ ಬೆವರಿದ ನೀರು ಸಕ್ಕರೆಯನ್ನು ಕರಗಿಸಿ, ಒಣಗಿದ ಮೇಲೆ ಅದು ಬಿಳಿಯಾಗಿ ಉಳಿದಿದೆ. ಎರಡನ್ನೂ ತಿನ್ನಬಹುದು. ನೂಲಿನಂತೆ ಎದ್ದು ಮುಗ್ಗಲು ವಾಸನೆ ಬಂದರೆ ಮಾತ್ರ ಅದು ಬೂಷ್ಟು, ಡಬ್ಬಿ ಸಮೇತ ಎಲ್ಲವನ್ನೂ ಚೆಲ್ಲಿ. ಕರಾವಳಿಯ ಮಳೆಗಾಲದಲ್ಲಿ ಬೆಲ್ಲ ಗಾಳಿಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಆದ್ದರಿಂದ ಬಿಗಿಯಾದ ಡಬ್ಬಿ ಬೇಕೇ ಬೇಕು. ಫ್ರಿಜ್‌ನಿಂದ ತೆಗೆದ ಡಬ್ಬಿಯನ್ನು ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಿರಿ.

ಹೊಳಪೂ ಬೇಕೆನ್ನುವವರಿಗೆ: ಚಾಕೊಲೇಟಿನ ಮೂರರಲ್ಲಿ ಎರಡು ಭಾಗ ಕರಗಿಸಿ ಒಲೆಯಿಂದ ಇಳಿಸಿ, ಉಳಿದ ಭಾಗವನ್ನು ಚೂರು ಮಾಡಿ ಹಾಕಿ ಕಲಕುತ್ತಿರಿ. ಕೆಳತುಟಿಯ ಕೆಳಗೆ ತಾಗಿಸಿದರೆ ತುಸು ತಂಪೆನಿಸಬೇಕು, ಅದು 31–32 ಡಿಗ್ರಿ. ಕಾಂಪೌಂಡ್ ಚಾಕೊಲೇಟಿಗೆ ಈ ಕಸರತ್ತು ಬೇಡ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಸುಲಭ, ಆದರೆ ನಾಲಿಗೆಗೆ ಮೇಣದಂತೆ. ನಿಮ್ಮ ಪಕ್ಕದ ಪುತ್ತೂರಿನಲ್ಲಿ ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ, ಕೋಕೋ ಬೆಳೆಯುವ ನಾಡಿನವರೇ ಕಾಂಪೌಂಡ್ ಕೊಂಡರೆ ನನಗೆ ಬೇಸರ.

ಒಬ್ಬ ಸದಸ್ಯರು, ಚಳ್ಳಕೆರೆಯಿಂದ: ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುವವನು ನಾನು. ಎಲ್ಲ ಹೇಳಿದಿರಿ, ಬೀಜ ಆರಿಸುವುದನ್ನು ಹೇಳಲಿಲ್ಲ.

ಉತ್ತರ: ಹೌದು ಸರ್, ಮೊದಲು ಹೇಳಬೇಕಾದದ್ದೇ ಅದು. ಮುರುಟಿದ, ಕಪ್ಪಾದ, ಬೂಷ್ಟು ಹಿಡಿದ ಬೀಜವನ್ನು ಒಂದೊಂದಾಗಿ ತೆಗೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಕೆಡುಕು. ಹುರಿದರೆ ಪೂರ್ತಿ ಹೋಗುತ್ತದೆ ಎಂದುಕೊಳ್ಳಬೇಡಿ. ಬಾಯಿಗೆ ಕಹಿಯಾದ ಬೀಜ ಸಿಕ್ಕರೆ ಉಗುಳುವುದೇ ಸರಿ. ಅರೆದ ಮೇಲೆ ಆರಿಸಲು ಆಗುವುದಿಲ್ಲ.

ಪ್ರಶ್ನೆ, ತುಮಕೂರಿನಿಂದ: ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಬೆಲ್ಲ ಬಿಟ್ಟು ಬರೀ ಖರ್ಜೂರದಲ್ಲಿ ಮಾಡಿದರೆ ತೊಂದರೆ ಇಲ್ಲವಲ್ಲ?

ಉತ್ತರ: ಇದೆ. ಖರ್ಜೂರದ ಬಹುಭಾಗ ಸಕ್ಕರೆಯೇ. ‘ಸಕ್ಕರೆ ರಹಿತ’ ಎಂದು ಚೀಟಿ ಅಂಟಿಸಿ ಖರ್ಜೂರದ ಬಾರ್ ಮಾರುವವರ ಮೇಲೆ ನನಗೆ ಸಿಟ್ಟಿದೆ. ಮೇಲಿನ ಅಳತೆಯ ಒಂದು ಬಾರಿನಲ್ಲಿ ಹತ್ತಿರ ಹತ್ತಿರ 215 ಕ್ಯಾಲೊರಿ, 5–6 ಗ್ರಾಂ ಪ್ರೋಟೀನ್ ಇದೆ. ಈಜುವ ಹುಡುಗನಿಗೆ ಸರಿ, ಅಪ್ಪನವರಿಗೆ ಎಷ್ಟು ಎಂಬುದನ್ನು ಅವರ ವೈದ್ಯರು ಹೇಳಲಿ. ಹುರಿದ ಶೇಂಗಾವನ್ನೇ ಒಂದು ಸಣ್ಣ ಹಿಡಿ ಕೊಟ್ಟರೆ ಏನು ಕಡಿಮೆ?

ಪ್ರಶ್ನೆ, ಬೆಂಗಳೂರಿನಿಂದ: ಭಾನುವಾರ ನಂದಿಬೆಟ್ಟಕ್ಕೆ ಸೈಕಲ್ ಹೊಡೆಯುತ್ತೇನೆ. ಇದೇ ಬಾರ್ ಸಾಕೇ?

ಉತ್ತರ: ಹೊರಡುವ ಎರಡು ಗಂಟೆ ಮೊದಲು ತಿನ್ನಿ. ಸವಾರಿಯ ನಡುವೆ ಬೇಡ, ಕೊಬ್ಬು ನಿಧಾನವಾಗಿ ಅರಗುತ್ತದೆ, ಏರಿನಲ್ಲಿ ಹೊಟ್ಟೆ ಭಾರವಾಗುತ್ತದೆ. ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬುದು ಸಾಮಾನ್ಯ ಲೆಕ್ಕ. ನಡುವೆ ತಿನ್ನಲು ಬೇರೆ ಬಾರ್ ಮಾಡಿಕೊಳ್ಳಿ: ಪೀನಟ್ ಬಟರನ್ನು ಕಾಲು ಭಾಗಕ್ಕೆ ಇಳಿಸಿ, ಖರ್ಜೂರ ಹೆಚ್ಚಿಸಿ, ಚಿಟಿಕೆ ಉಪ್ಪು ಹಾಕಿ. ಅಂಗಿಯ ಬೆನ್ನಜೇಬಿಗೆ ಚಾಕೊಲೇಟ್ ಹಾಕಿದವರ ಅಂಗಿ ನಾನು ನೋಡಿದ್ದೇನೆ.

ಮೈಸೂರಿನವರು, ಐದು ದಿನಗಳ ನಂತರ: ಅಣ್ಣಾ, ಪಾಕ ಹಿಡಿಯಿತು! ಹದಿನಾರೂ ನೆಟ್ಟಗೆ ನಿಂತಿವೆ. ನಮ್ಮ ಅತ್ತೆ ಒಂದು ತಿಂದು, ‘ಇದು ಶೇಂಗಾ ಉಂಡೆ, ಚಪ್ಪಟೆ ಮಾಡಿದ್ದೀಯ’ ಎಂದರು. ಎಷ್ಟು ದಿನ ಇಡಬಹುದು? ಮಗ ಡಬ್ಬಿಯನ್ನು ಗೆಳೆಯರಿಗೂ ಹಂಚುತ್ತಾನೆ.

ಉತ್ತರ: ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಹಾಲು, ಹಸಿ ಕೊಬ್ಬರಿ ಬೀಳದಿದ್ದರೆ ಹೊರಗೆ ಎರಡು ವಾರ, ಫ್ರಿಜ್‌ನಲ್ಲಿ ಒಂದು ತಿಂಗಳು. ಕಮಟು ವಾಸನೆ ಬಂದ ದಿನ ಮುಗಿಯಿತು. ಹಂಚುವ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲವು ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಇರುತ್ತದೆ, ಒಂದು ಚೂರಿಗೇ ಉಸಿರು ಕಟ್ಟಬಹುದು. ಚಾಕೊಲೇಟಿನ ಕೆಳಗೆ ಏನಿದೆ ಎಂದು ಮಕ್ಕಳಿಗೆ ಕಾಣುವುದಿಲ್ಲ. ಮುಚ್ಚಳದ ಮೇಲೆ ‘ಕಡಲೆಕಾಯಿ ಇದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಮಗನಿಗೂ ಹೇಳಿಕೊಡಿ.