ಕೆಲ್ಲಿ ಬಿಚ್ಚುವಾಗ ಸುರಿಯುವ ಮಡ್: ಮಡ್ ಸೇವರ್ ವಾಲ್ವ್ ಹಾಕಬೇಕೇ, ಕೆಲ್ಲಿ ಕಾಕ್ ಸಾಕೇ?

ಪ್ರಶ್ನೆ: ಗೋದಾವರಿ_ರಿಗ್

ಎಲ್ಲರಿಗೂ ನಮಸ್ಕಾರ. ಕೃಷ್ಣಾ-ಗೋದಾವರಿ ಕಡೆಯ ತೈಲ-ಅನಿಲ ಬಾವಿ ಕೊರೆಯುವ ಲ್ಯಾಂಡ್ ರಿಗ್, ಕೆಲ್ಲಿ (ಪೈಪ್ ಸಾಲನ್ನು ತಿರುಗಿಸುವ, ಮೇಲ್ತುದಿಯ ಮೂಲೆಗಳುಳ್ಳ ಪೈಪ್) ಮತ್ತು ರೋಟರಿ ಟೇಬಲ್ ವ್ಯವಸ್ಥೆ. 12 ಮೀಟರ್ ಕೆಲ್ಲಿ, ಒಳವ್ಯಾಸ 3 ಇಂಚು. ಮಡ್ (ಕೊರೆಯುವಾಗ ಪೈಪಿನೊಳಗೆ ಪಂಪ್ ಮಾಡುವ ದ್ರವ) ತೂಕ ನೀರಿನ 1.25 ಪಟ್ಟು. ಹೊಸ ಪೈಪ್ ಸೇರಿಸಲು ಕೆಲ್ಲಿ ಬಿಚ್ಚಿದಾಗಲೆಲ್ಲ ಒಳಗಿನ ಮಡ್ ಪೂರ್ತಿ ಫ್ಲೋರಿಗೆ ಬೀಳುತ್ತದೆ. ಟಾಂಗ್ (ಪೈಪ್ ಬಿಚ್ಚುವ ದೊಡ್ಡ ಇಕ್ಕಳ) ಹಿಡಿದವರ ಕಾಲಡಿ ಜಾರುತ್ತದೆ. ಪ್ರತಿ ಸಲ ಲೋಯರ್ ಕೆಲ್ಲಿ ಕಾಕ್ (ಕೆಲ್ಲಿ ಕೆಳಗಿನ ಬಾಲ್ ವಾಲ್ವ್) ಮುಚ್ಚಿಬಿಡೋಣ ಎನ್ನುವುದು ಡ್ರಿಲ್ಲರ್ ಸಲಹೆ. ಮಡ್ ಸೇವರ್ ವಾಲ್ವ್ ತರಿಸೋಣ ಎನ್ನುವವರೂ ಇದ್ದಾರೆ. ಯಾವುದು ಸರಿ? ತರಿಸುವುದಾದರೆ ಸ್ಪ್ರಿಂಗ್ ಎಷ್ಟು ಒತ್ತಡದ್ದು ಕೇಳಬೇಕು? ಕಿಕ್ (ಭೂಪದರದ ಅನಿಲ, ದ್ರವ ಬಾವಿಗೆ ನುಗ್ಗುವುದು) ಬಂದರೆ ಈ ವಾಲ್ವ್ ಒತ್ತಡದ ರೀಡಿಂಗ್ ಮರೆಮಾಚುವುದಿಲ್ಲವೇ?

ಉತ್ತರ: ಟೂಲ್‌ಪುಷರ್_ಕನ್ನಡಿಗ

ಕೆಲ್ಲಿ ಕಾಕನ್ನು ಈ ಕೆಲಸಕ್ಕೆ ಬಳಸಬೇಡಿ ಸರ್. ಅದು ವೆಲ್ ಕಂಟ್ರೋಲ್‌ಗಾಗಿ ಇಟ್ಟ ವಾಲ್ವ್. ಬಾವಿ ಒದ್ದ ದಿನ ಪೈಪಿನೊಳಗಿಂದ ಮೇಲೆ ಬರುವ ಒತ್ತಡ ತಡೆಯಲು ಅದೇ ಹತ್ತಿರದಲ್ಲಿರುತ್ತದೆ. ದಿನಕ್ಕೆ ಇಪ್ಪತ್ತು ಸಲ ತಿರುಗಿಸಿದರೆ ಬಾಲ್ ಮತ್ತು ಸೀಟಿನ ನಡುವೆ ಮರಳು, ಬ್ಯಾರೈಟ್ (ಮಡ್‌ಗೆ ತೂಕ ಕೊಡುವ ಖನಿಜ) ಸೇರಿ ಗೀರು ಬೀಳುತ್ತದೆ. ಪಂಪ್ ಪೂರ್ತಿ ನಿಲ್ಲುವ ಮೊದಲೇ ಯಾರಾದರೂ ಮುಚ್ಚಿದರೆ ಅರ್ಧ ತೆರೆದ ಸಂದಿಯಲ್ಲಿ ಮಡ್ ರಭಸದಿಂದ ನುಗ್ಗಿ ಬಾಲ್‌ನ ಅಂಚನ್ನೇ ಕೊರೆದುಬಿಡುತ್ತದೆ. ಮುಂದಿನ ಬಿಒಪಿ (ಬಾವಿ ಮುಚ್ಚುವ ಸುರಕ್ಷಾ ವಾಲ್ವ್‌ಗಳ) ಟೆಸ್ಟಿನಲ್ಲಿ ಕೆಳಗಿನಿಂದ ಒತ್ತಡ ಕೊಟ್ಟಾಗ ಅದು ಹಿಡಿಯುವುದಿಲ್ಲ. ಇನ್ನೊಂದು ಅಪಾಯ: ಪೈಪ್ ಸೇರಿಸಿದ ಮೇಲೆ ಕಾಕ್ ತೆರೆಯುವುದನ್ನು ಮರೆತು ಪಂಪ್ ಹಾಕಿದರೆ ಪಂಪಿನ ಅತಿ ಒತ್ತಡ ಬಿಡುವ ಪಾಪ್-ಆಫ್ ವಾಲ್ವ್‌ನ ಪಿನ್ ಮುರಿಯುತ್ತದೆ. ಅದರ ಮುಂದೆ ಯಾರೂ ನಿಂತಿರದಿದ್ದರೆ ಪುಣ್ಯ.

ಮಡ್ ಸೇವರ್ ವಾಲ್ವ್‌ಗೆ ಕೈ ಹಾಕುವ ಕೆಲಸವೇ ಇಲ್ಲ. ಪಂಪಿನ ಒತ್ತಡ ಸ್ಪ್ರಿಂಗನ್ನು ಅದುಮಿ ಪಾಪೆಟ್ (ಒಳಗಿನ ಮುಚ್ಚಳ) ತೆರೆಯುತ್ತದೆ, ಪಂಪ್ ನಿಂತರೆ ಸ್ಪ್ರಿಂಗ್ ಮುಚ್ಚುತ್ತದೆ.

ಈಗ ನಿಮ್ಮ ಲೆಕ್ಕ. 3 ಇಂಚು ಒಳವ್ಯಾಸಕ್ಕೆ ಮೀಟರಿಗೆ 4.56 ಲೀಟರ್, 12 ಮೀಟರಿಗೆ ಸುಮಾರು 55 ಲೀಟರ್. ದಿನಕ್ಕೆ 20 ಕನೆಕ್ಷನ್ ಆದರೆ 1,100 ಲೀಟರ್ ನೆಲದ ಪಾಲು. ಸ್ಪ್ರಿಂಗ್ ತಡೆಯಬೇಕಾದದ್ದು ವಾಲ್ವ್ ಮೇಲೆ ನಿಂತ ಮಡ್‌ನ ಭಾರವನ್ನಷ್ಟೇ. ಕೆಲ್ಲಿ ಮೇಲಿನ ಸ್ವಿವೆಲ್, ಹೋಸ್ ಸೇರುವ ಗೂಸ್‌ನೆಕ್ ಸೇರಿಸಿ 15 ಮೀಟರ್ ಎತ್ತರ ಹಿಡಿಯಿರಿ: 0.0981 × 1.25 × 15, ಅಂದರೆ 1.84 ಬಾರ್, ಸುಮಾರು 27 ಪಿಎಸ್ಐ. ಮುಂದೆ ಮಡ್ ತೂಕ 1.8ಕ್ಕೆ ಏರಿದರೂ 2.65 ಬಾರ್ ಅಷ್ಟೇ. ಈ ಹೆಚ್ಚಿನ ಅಂಕಿಯ ಮೇಲೆ ಸ್ವಲ್ಪ ಅಂತರ ಇಟ್ಟು ಕೇಳಿ. ಅಂತರ ಇಲ್ಲದಿದ್ದರೆ ಹೋಸ್ ಕುಲುಕಿದಾಗಲೆಲ್ಲ ವಾಲ್ವ್ ತೊಟ್ಟಿಕ್ಕುತ್ತದೆ.

ಉತ್ತರ: ವೆಲ್_ಕಂಟ್ರೋಲ್_ಪಾಠ

ಮೇಲಿನವರು ಹೇಳಿದ್ದು ಸರಿ. ನಾನು ರೀಡಿಂಗ್ ವಿಷಯ ಹೇಳುತ್ತೇನೆ, ಏಕೆಂದರೆ ಪ್ರಶ್ನೆಯಲ್ಲಿ ಅದೇ ಮುಖ್ಯ.

ಪಾಪೆಟ್ ನಡುವೆ ಹಿಮ್ಮುಖ ದಾರಿ ಇರುವ ವಾಲ್ವನ್ನೇ ತರಿಸಿ. ಅದರಲ್ಲಿ ಕೆಳಗಿನ ಒತ್ತಡ ಮೇಲೇರಿ ಸ್ಟ್ಯಾಂಡ್‌ಪೈಪ್ (ಪಂಪಿನಿಂದ ಹೋಸ್‌ಗೆ ಮಡ್ ಒಯ್ಯುವ ನೆಟ್ಟ ಪೈಪ್) ಗೇಜಿನಲ್ಲಿ ಕಾಣುತ್ತದೆ. ಈ ದಾರಿ ಇಲ್ಲದಿದ್ದರೆ, ಅಥವಾ ಅದು ಕಟ್ಟಿಕೊಂಡಿದ್ದರೆ, ಬಿಟ್ (ಕೊರೆಯುವ ತುದಿ) ಮೇಲಿನ ಒಮ್ಮುಖ ಫ್ಲೋಟ್ ವಾಲ್ವ್‌ಗೆ ಮಾಡುವಂತೆ ‘ಬಂಪ್’ ಮಾಡಬೇಕು. ಬಾವಿ ಮುಚ್ಚಿರುವಾಗ ಪಂಪನ್ನು ಅತಿ ನಿಧಾನವಾಗಿ ಓಡಿಸಿ. ಡ್ರಿಲ್ ಪೈಪ್ ಗೇಜಿನ ಮುಳ್ಳು ಏರುತ್ತಾ ಹೋಗಿ ಒಂದು ಕಡೆ ತಡವರಿಸುತ್ತದೆ, ಇಲ್ಲವೇ ಕೇಸಿಂಗ್ ಒತ್ತಡ (ಪೈಪಿನ ಹೊರಗಿನದು) ಅಲುಗುತ್ತದೆ. ಆಗಲೇ ನಿಲ್ಲಿಸಿ ಓದಿ. ಕೇಸಿಂಗ್ ಒತ್ತಡ ಎಷ್ಟು ಏರಿತೋ ಅಷ್ಟನ್ನು ಕಳೆಯಿರಿ.

ಹಲವರು ಬಿಟ್ಟುಬಿಡುವ ಲೆಕ್ಕ ಇನ್ನೊಂದಿದೆ: ತೆರೆದ ಗಳಿಗೆಯ ಆ ರೀಡಿಂಗಿನಲ್ಲಿ ಸ್ಪ್ರಿಂಗಿನ ಒತ್ತಡವೂ ಸೇರಿರುತ್ತದೆ. 14 ಬಾರ್ ಸ್ಪ್ರಿಂಗ್ ಇದ್ದು, 2,000 ಮೀಟರ್ ಆಳದಲ್ಲಿ ಅದನ್ನು ಕಳೆಯದೆ ಕಿಲ್ ಮಡ್ (ಕಿಕ್ ಅಡಗಿಸುವ ತೂಕದ ಮಡ್) ಲೆಕ್ಕ ಹಾಕಿದರೆ ತೂಕ 0.07 ಹೆಚ್ಚಾಗಿಬಿಡುತ್ತದೆ. ಬಲವಿಲ್ಲದ ಪದರ ಬಿರುಕು ಬಿಟ್ಟು ಮಡ್ ನುಂಗಲು ಅಷ್ಟು ಸಾಕಾಗಬಹುದು. ಆದ್ದರಿಂದ ಬೇಕಿಲ್ಲದ ಗಟ್ಟಿ ಸ್ಪ್ರಿಂಗ್ ಬೇಡ. ವಾಲ್ವ್ ಎಷ್ಟಕ್ಕೆ ತೆರೆಯುತ್ತದೆ ಎಂಬುದನ್ನು ಕಿಲ್ ಶೀಟಿನಲ್ಲೇ ಬರೆದಿಡಿ.

ಜೋಡಿಸುವ ಜಾಗ: ಕೆಲ್ಲಿ, ಅದರ ಕೆಳಗೆ ಮಡ್ ಸೇವರ್ ವಾಲ್ವ್, ಅದರ ಕೆಳಗೆ ಲೋಯರ್ ಕೆಲ್ಲಿ ಕಾಕ್, ಕೊನೆಗೆ ಸೇವರ್ ಸಬ್ (ಸವೆತ ತಾಳುವ ತುಂಡು ಪೈಪ್). ಅದಲುಬದಲು ಹಾಕುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಹಾಕಿದಾಗ ಕಾಕ್ ಮುಚ್ಚಿ ಕೆಲ್ಲಿ ಕಳಚಬೇಕಾಗಿ ಬಂದರೆ ಪಾಪೆಟ್ ಬಾವಿಯೊಳಗಿನ ಪೈಪ್ ಸ್ಟ್ರಿಂಗಿನಲ್ಲೇ ಉಳಿಯುತ್ತದೆ, ಆಮೇಲೆ ವೈರ್‌ಲೈನ್ ಟೂಲ್ ಇಳಿಸಲು ಅದೇ ಅಡ್ಡಿ. ಕಾಕ್ ಮತ್ತು ಸಬ್‌ನೊಳಗಿನ ನಾಲ್ಕೈದು ಲೀಟರ್ ಮಡ್ ಹೇಗೂ ಬೀಳುತ್ತದೆ, ಬೀಳಲಿ.

ಗೋದಾವರಿ_ರಿಗ್

ತುಂಬಾ ಉಪಕಾರ ಸರ್. ಪೈಪ್ ಹೊರತೆಗೆಯುವಾಗಲೂ ಪ್ರತಿ ಸ್ಟ್ಯಾಂಡ್ (ಒಟ್ಟಿಗೆ ಜೋಡಿಸಿಟ್ಟ ಕೆಲವು ಪೈಪ್) ಬಿಚ್ಚಿದಾಗ ಮಡ್ ಸುರಿಯುತ್ತದಲ್ಲ, ಅದಕ್ಕೂ ಇದೇ ವಾಲ್ವ್ ಆಗುತ್ತದೆಯೇ?

ಉತ್ತರ: ಮಡ್_ಇಂಜಿನಿಯರ್

ಆಗುವುದಿಲ್ಲ. ಆಗ ಕೆಲ್ಲಿ ಫ್ಲೋರಿನ ಬದಿಯ ಗುಂಡಿಯಲ್ಲಿ, ಅಂದರೆ ರ್‍ಯಾಟ್‌ಹೋಲ್‌ನಲ್ಲಿರುತ್ತದೆ, ವಾಲ್ವೂ ಅದರ ಜೊತೆಗೇ. ಅಲ್ಲಿ ಬೇಕಾದದ್ದು ಸ್ಲಗ್, ಅಂದರೆ ಪೈಪಿನೊಳಗೆ ತೂಕದ ಮಡ್ ಕಳಿಸಿ ಒಳಗಿನ ಮಟ್ಟ ಇಳಿಸುವುದು. 5 ಇಂಚಿನ, ಅಡಿಗೆ 19.5 ಪೌಂಡ್ ತೂಗುವ ಪೈಪಿನಲ್ಲಿ ಮೀಟರಿಗೆ 9.26 ಲೀಟರ್ ಹಿಡಿಯುತ್ತದೆ. ನಿಮ್ಮ ಮಡ್ 1.25, ಸ್ಲಗ್ 1.50, ಒಣಗಬೇಕಾದ ಉದ್ದ 60 ಮೀಟರ್ ಎಂದಾದರೆ: 1.25 × 60 × 9.26 ÷ 0.25, ಅಂದರೆ ಸುಮಾರು 2,780 ಲೀಟರ್. ಸ್ಲಗ್ ಇಳಿದಾಗ ಇಷ್ಟೇ ಅಲ್ಲದೆ ಒಣಗಿದ ಪೈಪಿನ 555 ಲೀಟರ್ ಕೂಡ ಪೈಪ್ ಸುತ್ತಲಿನ ಆನ್ಯುಲಸ್‌ನಿಂದ ಹೊರಬರುತ್ತದೆ. ಬಾವಿಗೆ ಹೋಗುವ, ಬರುವ ಮಡ್ ಅಳೆಯುವ ಟ್ರಿಪ್ ಟ್ಯಾಂಕ್ ನೋಡುವವನಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಬಾವಿ ಹರಿಯುತ್ತಿದೆ ಎಂದು ಗಾಬರಿಯಾಗುತ್ತಾನೆ. ಅದಕ್ಕಿಂತ ಕೆಟ್ಟದ್ದೆಂದರೆ, ನಿಜವಾಗಿ ಹರಿದಾಗಲೂ ಸ್ಲಗ್ ಎಂದು ಸುಮ್ಮನಿರುವುದು.

ಬಿಟ್ ಜೆಟ್ (ಮಡ್ ಹೊರಬರುವ ರಂಧ್ರ) ಕಟ್ಟಿಕೊಂಡು ಪೈಪ್ ತುಂಬಿಯೇ ಬಂದರೆ ಸ್ಲಗ್ ಕೆಲಸ ಮಾಡದು. ಆಗ ಜಾಯಿಂಟ್ ಸುತ್ತ ಮುಚ್ಚುವ ಮಡ್ ಬಕೆಟ್ಟೇ ಗತಿ. ಅದರ ರಬ್ಬರ್ ಸೀಲ್ ಸವೆದಿದ್ದರೆ ಬಕೆಟ್ ಹಾಕಿಯೂ ಪ್ರಯೋಜನವಿಲ್ಲ.

ಉತ್ತರ: ಟಾಪ್‌ಡ್ರೈವ್_ಮೆಕ್ಯಾನಿಕ್

ಟಾಪ್ ಡ್ರೈವ್ (ಕೆಲ್ಲಿ ಬದಲು ಮೇಲಿನಿಂದಲೇ ಪೈಪ್ ತಿರುಗಿಸುವ ಮೋಟಾರ್) ರಿಗ್‌ನವರಿಗೂ ಒಂದು ಮಾತು. ಕೆಲ್ಲಿ ರಿಗ್‌ನಲ್ಲಿ ಕನೆಕ್ಷನ್ ವೇಳೆ ಸ್ವಿವೆಲ್ ಮೇಲಿರುತ್ತದೆ, ಹೋಸ್ ಅದಕ್ಕಿಂತ ಕೆಳಗೆ ಜೋತಿರುತ್ತದೆ, ಹಾಗಾಗಿ ಹೋಸಿನ ಮಡ್ ಬಹುಪಾಲು ಅಲ್ಲೇ ನಿಲ್ಲುತ್ತದೆ. ಟಾಪ್ ಡ್ರೈವ್ ಮಾತ್ರ ಫ್ಲೋರಿನ ಹತ್ತಿರ ಇಳಿದಿರುತ್ತದೆ. ಸ್ಟ್ಯಾಂಡ್‌ಪೈಪಿನ ತುದಿಯಿಂದ ಕೆಳಗಿಳಿಯುವ ಹೋಸಿನ ಮಡ್ ಕೂಡ ವಾಲ್ವ್ ಮೇಲೆ ಭಾರ ಹಾಕುತ್ತದೆ. ಸ್ಪ್ರಿಂಗ್ ಆರಿಸುವಾಗ ಆ ತುದಿಯ ಎತ್ತರ ಹಿಡಿಯಿರಿ. ರಿಮೋಟ್ ಬಟನ್ ಕೈಗೆ ಸಿಗುತ್ತದೆ ಎಂದು ಐಬಿಒಪಿ (ಟಾಪ್ ಡ್ರೈವ್‌ನ ಸುರಕ್ಷಾ ವಾಲ್ವ್) ಮುಚ್ಚಿ ಮಡ್ ಉಳಿಸುವ ಅಭ್ಯಾಸ ಬೇಡ, ಕೆಲ್ಲಿ ಕಾಕ್‌ಗೆ ಹೇಳಿದ ಕಾರಣವೇ ಇಲ್ಲಿಯೂ.

ವಾಲ್ವ್ ಪರೀಕ್ಷೆ ಸುಲಭ. ಬಿಚ್ಚಿದ ಕೂಡಲೇ ಸ್ವಲ್ಪ ಮಡ್ ಬಿದ್ದು ನಿಂತರೆ ಸರಿಯಾಗಿದೆ. ಪೆನ್ಸಿಲ್ ದಪ್ಪದ ಧಾರೆ ನಿಲ್ಲದೆ ಬರುತ್ತಿದ್ದರೆ ಸೀಟ್ ಸವೆದಿದೆ, ಇಲ್ಲವೇ ಏನೋ ಸಿಕ್ಕಿಕೊಂಡಿದೆ. ಒಂದೆರಡು ಸಲ ಪಂಪ್ ಹಾಕಿ ನಿಲ್ಲಿಸಿ ನೋಡಿ, ಕಸವಾಗಿದ್ದರೆ ಹೊರಟುಹೋಗುತ್ತದೆ. ಲಾಸ್ (ಪದರಕ್ಕೆ ಮಡ್ ಸೋರುವುದು) ತಡೆಯಲು ದಪ್ಪ ಆಕ್ರೋಟ್ ಚಿಪ್ಪು, ಮೈಕಾ ಕಳಿಸುವ ಮೊದಲು ವಾಲ್ವ್ ಕಳಚಿಡುವುದು ಮೇಲು. ಪಾಪೆಟ್ ಸುತ್ತಲಿನ ಸಂದಿಯಲ್ಲೇ ಅವು ಮೊದಲು ಕಟ್ಟಿಕೊಳ್ಳುವುದು. ತೆಗೆದಾಗಲೆಲ್ಲ ಸ್ಪ್ರಿಂಗ್ ತೊಳೆದು ಎಲ್ಲ ಸುತ್ತುಗಳೂ ಇವೆಯೇ ನೋಡಿ. ಮುರಿದ ತುಂಡು ಕೆಳಗೆ ಹೋದರೆ ಎಂಡಬ್ಲ್ಯೂಡಿ (ಕೊರೆಯುವಾಗಲೇ ಅಳತೆ ಕಳಿಸುವ) ಟೂಲ್ ಮೇಲೆ ಕೂರುತ್ತದೆ.

ಪಂಪ್ ನಿಂತ ಮೇಲೂ ವಾಲ್ವಿನ ಮೇಲೆ ಒತ್ತಡ ಉಳಿದಿರುತ್ತದೆ. ವಾಶ್‌ಪೈಪ್ ಪ್ಯಾಕಿಂಗ್‌ಗೆ (ತಿರುಗುವ ಜೋಡಣೆಯ ಸೀಲ್‌ಗೆ), ಹೋಸಿನ ಯೂನಿಯನ್‌ಗೆ ಕೈ ಹಾಕುವ ಮೊದಲು ಸ್ಟ್ಯಾಂಡ್‌ಪೈಪ್ ಬ್ಲೀಡರ್ ತೆರೆದು ಗೇಜ್ ಸೊನ್ನೆಗೆ ಬಂದಿದೆಯೇ ನೋಡಿ.